ವ್ರತದ ದಿನ ರಾತ್ರಿ ಹಸಿವಾದರೆ ಏನು ತಿನ್ನಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಮೂರನ್ನು ಒಟ್ಟಿಗೆ ಉತ್ತರಿಸಲು ತೆಗೆದಿಟ್ಟುಕೊಂಡಿದ್ದೇವೆ. ಒಂದು ತುಮಕೂರು ನಗರದಿಂದ, ಒಂದು ಗುಬ್ಬಿಯಿಂದ, ಮತ್ತೊಂದು ಕುಣಿಗಲ್‌ನಿಂದ ಬಂದದ್ದು. ಬರೆದ ಮೂವರೂ ಆಚರಿಸುವ ವ್ರತ ಬೇರೆ ಬೇರೆ: ಒಬ್ಬರದು ಶನಿವಾರದ ಒಪ್ಪೊತ್ತು, ಒಬ್ಬರದು ಸಂಕಷ್ಟಿ, ಇನ್ನೊಬ್ಬರದು ಏಕಾದಶಿ. ಆದರೆ ಕೇಳಿರುವುದು ಮಾತ್ರ ಒಂದೇ. ಹಗಲು ಹೇಗೋ ಕಳೆದುಹೋಗುತ್ತೆ, ರಾತ್ರಿ ಹಸಿವಾದಾಗ ಏನು ತಿನ್ನೋದು?

ಇದು ಸಣ್ಣ ಪ್ರಶ್ನೆ ಅಂತ ತಳ್ಳಿಹಾಕಬೇಡಿ. ಎಷ್ಟೋ ಮನೆಗಳಲ್ಲಿ ವ್ರತ ಕೆಡುವುದು ಬೆಳಗಿನ ಪೂಜೆಯಲ್ಲಲ್ಲ, ರಾತ್ರಿ ಎಂಟು ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ. ಅಲ್ಲಿ ಮಾತಿಗೆ ಮಾತು ಬೆಳೆಯುತ್ತೆ, ಮನಸ್ಸು ಮುರಿಯುತ್ತೆ. ಆಮೇಲೆ ದೇವರ ಮುಂದೆ ಹಚ್ಚಿದ ದೀಪ ಒಂದು ಕಡೆ, ಮನೆಯವರ ಮುಖ ಇನ್ನೊಂದು ಕಡೆ.

ಪತ್ರಗಳಿಗೆ ಹೋಗುವ ಮೊದಲು ಒಂದು ವಿಷಯ ತಿಳಿದಿರಲಿ. ನಾವು 'ಉಪವಾಸ' ಅನ್ನೋ ಒಂದೇ ಪದದಲ್ಲಿ ಎಲ್ಲವನ್ನೂ ಹೇಳಿಬಿಡುತ್ತೇವೆ. ಧರ್ಮಶಾಸ್ತ್ರದಲ್ಲಿ ಇದಕ್ಕೆ ನಾಲ್ಕು ಮೆಟ್ಟಿಲುಗಳಿವೆ.

ಮೊದಲನೆಯದು ಏಕಭುಕ್ತ. ಮಧ್ಯಾಹ್ನ ಒಂದೇ ಸಲ ಊಟ. ನಮ್ಮ ಕಡೆಯ ಒಪ್ಪೊತ್ತು ಇದೇ. ಎರಡನೆಯದು ನಕ್ತ. ಹಗಲೆಲ್ಲ ಊಟವಿಲ್ಲ, ಆಕಾಶದಲ್ಲಿ ನಕ್ಷತ್ರ ಕಂಡ ಮೇಲೆ ರಾತ್ರಿ ಒಂದೇ ಊಟ. ಮೂರನೆಯದು ಅಯಾಚಿತ. ಇಂಥದ್ದು ಬೇಕು ಅಂತ ಕೇಳದೆ, ತಾನಾಗಿ ಬಂದದ್ದನ್ನು ಒಂದು ಸಲ ತಿನ್ನುವುದು. ನಾಲ್ಕನೆಯದು ಉಪವಾಸ, ಅಂದರೆ ಊಟವನ್ನು ಪೂರ್ತಿ ಬಿಡುವುದು. ಪೂರ್ತಿ ಉಪವಾಸ ಮಾಡಲು ಶಕ್ತಿ ಇಲ್ಲದವರು ಕೆಳಗಿನ ಮೆಟ್ಟಿಲಿಗೆ ಇಳಿದು ಆಚರಿಸಬಹುದು. ಹಾಗೆ ಇಳಿದರೆ ವ್ರತ ಬಿಟ್ಟಂತಲ್ಲ.

ಇದರ ಜೊತೆಗೆ, ವ್ರತವನ್ನು ಕೆಡಿಸದ ಎಂಟು ಸಂಗತಿಗಳನ್ನು ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರ ಹೇಳುತ್ತಾನೆ. ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ. ಈ ಪಟ್ಟಿಯ ಕೊನೆಯ ಪದವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಎರಡನೇ ಪತ್ರಕ್ಕೆ ಅದು ಬೇಕಾಗುತ್ತೆ.

ಪ್ರಶ್ನೆ 1: ನಮ್ಮ ಮನೆಯಲ್ಲಿ ಶನಿವಾರ ಒಪ್ಪೊತ್ತು. ನಾನು ಕಚೇರಿಯಿಂದ ಬರುವಾಗ ಸಂಜೆ ಏಳಾಗಿರುತ್ತೆ. ಚಪ್ಪಲಿ ಬಿಡುವ ಮೊದಲೇ 'ಇವತ್ತು ರಾತ್ರಿಗೇನು?' ಅಂತ ಶುರುವಾಗುತ್ತೆ. ಉಪ್ಪಿಟ್ಟು ಅಂದರೆ ಮಕ್ಕಳು ಮುಖ ಸಿಂಡರಿಸುತ್ತಾರೆ. ದೋಸೆ ಅಂದರೆ 'ಅದೂ ಅಕ್ಕಿಯೇ ಅಲ್ವಾ' ಅಂತಾರೆ ಅತ್ತೆಯವರು. ಹೋದ ವಾರ ಉಪ್ಪಿಟ್ಟು, ಬಾಳೆಕಾಯಿ ಬಜ್ಜಿ, ಕೇಸರಿಬಾತು ಎಲ್ಲಾ ಮಾಡಿದೆ. ಕಾಲೇಜಿಗೆ ಹೋಗುವ ಮಗ 'ಅಮ್ಮಾ, ಇದಕ್ಕಿಂತ ಅನ್ನ ಸಾರೇ ಕಮ್ಮಿ ಆಗ್ತಿತ್ತು, ಇದು ಯಾವ ಉಪವಾಸ?' ಅಂದುಬಿಟ್ಟ. ನನಗೆ ಅಳುವೇ ಬಂತು. ಯಾವುದು ಆಗುತ್ತೆ, ಯಾವುದು ಆಗಲ್ಲ, ದಯವಿಟ್ಟು ತಿಳಿಸಿ.
– ಗೃಹಿಣಿ, ತುಮಕೂರು

ಉತ್ತರ: ತಾಯಿ, ಮೊದಲು ನಿಮ್ಮ ಮಗನ ಮಾತು. ಅವನು ಹೇಳಿದ ರೀತಿ ಒರಟಾಗಿರಬಹುದು, ಹೇಳಿದ ವಿಷಯ ಸರಿ. ಅದನ್ನು ಅವನ ಮುಂದೆಯೇ ಒಪ್ಪಿಕೊಳ್ಳಿ. ಆಚರಣೆಯನ್ನು ಪ್ರಶ್ನಿಸುವ ಮಕ್ಕಳು ಆಚರಣೆಯಿಂದ ದೂರ ಹೋದವರಲ್ಲ. ಅವರು ಅದನ್ನು ಗಮನಿಸುತ್ತಾ ಇದ್ದಾರೆ ಅಂತ ಅರ್ಥ.

ಒಪ್ಪೊತ್ತಿನ ಮೂಲ ನಿಯಮ ಒಂದೇ ಊಟ. ಅಷ್ಟೇ. ರಾತ್ರಿ ಏನೂ ತಿನ್ನದೆ ಇರುವುದೇ ಮುಖ್ಯ ಪಕ್ಷ. ಹಾಗೆ ಇರಲಾಗದವರಿಗೆ ಹಿರಿಯರು ಫಲಾಹಾರದ ದಾರಿ ಮಾಡಿಕೊಟ್ಟರು. ಫಲಾಹಾರ ಅಂದರೆ ಮೊದಲಿಗೆ ಹಣ್ಣು ಹಾಲು. ಕಾಲಕ್ರಮದಲ್ಲಿ ನಮ್ಮ ಮನೆಗಳಲ್ಲಿ ಇದಕ್ಕೆ ಅವಲಕ್ಕಿ, ಹುರಿದ ರವೆಯ ಉಪ್ಪಿಟ್ಟು, ಚಪಾತಿ ಎಲ್ಲವೂ ಸೇರಿಕೊಂಡವು. ಇದರ ಹಿಂದೆ ಮುಸುರೆಯ ಲೆಕ್ಕ ಇದೆ. ಅಕ್ಕಿಯೋ ಬೇಳೆಯೋ ನೀರಿನಲ್ಲಿ ಬೆಂದು ಅನ್ನವಾದರೆ, ಸಾರಾದರೆ, ಅದು ಮುಸುರೆ. ಹುರಿದದ್ದು, ಅರಳಿಸಿದ್ದು, ಹಾಲಿನಲ್ಲಿ ಕಲಸಿದ್ದು ಮುಸುರೆಯಲ್ಲ ಅನ್ನುವುದು ರೂಢಿ. ಆದ್ದರಿಂದಲೇ ರವೆಯನ್ನು ಮೊದಲು ಹುರಿಯುತ್ತಾರೆ.

ಹಾಗಾದರೆ ದೋಸೆ? ಕೆಲವು ಮನೆಗಳಲ್ಲಿ ಅದು ತಿಂಡಿ, ಆಗುತ್ತೆ. ಕೆಲವು ಮನೆಗಳಲ್ಲಿ ಅಕ್ಕಿ ಉದ್ದು ರುಬ್ಬಿ ಹುದುಗು ಬರಿಸಿದ್ದು, ಆಗುವುದಿಲ್ಲ. ಎರಡಕ್ಕೂ ಆಧಾರ ಕುಲಾಚಾರವೇ. ನಿಮ್ಮ ಅತ್ತೆಯವರು ಆಗಲ್ಲ ಅಂದರೆ ನಿಮ್ಮ ಮನೆಯಲ್ಲಿ ಆಗಲ್ಲ, ಅಷ್ಟಕ್ಕೆ ಮುಗಿಯಿತು. ಪಕ್ಕದ ಮನೆಯವರು ದೋಸೆ ತಿಂದರೆ ಅವರ ವ್ರತ ಕೆಟ್ಟಿತು ಅಂತಲೂ ಹೇಳಬಾರದು.

ಶನಿವಾರ ರಾತ್ರಿ ಏನೇ ಮಾಡಿದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಅನ್ನದ ಪಾತ್ರೆ ಮತ್ತೆ ಒಲೆ ಮೇಲೆ ಬಂತಾ? ಬರಬಾರದು, ಮಧ್ಯಾಹ್ನ ಮಿಕ್ಕಿದ ಅನ್ನವನ್ನು ಚಿತ್ರಾನ್ನ ಮಾಡುವುದೂ ಬೇಡ. ಒಂದೇ ಬಗೆಯಾ? ಒಂದೇ ಇರಲಿ, ಒಂದೇ ಸಲ ಬಡಿಸಿಕೊಳ್ಳಿ. ಮೂರನೆಯದು, ಇದನ್ನು ಮಾಡುವುದಕ್ಕೆ ದಿನನಿತ್ಯದ ಅಡುಗೆಗಿಂತ ಹೆಚ್ಚು ಹೊತ್ತು ಹಿಡಿಯಿತಾ? ಹಿಡಿದರೆ ಅದು ಫಲಾಹಾರ ಅಲ್ಲ, ಔತಣ. ಬಜ್ಜಿ, ಬೋಂಡ, ಕೇಸರಿಬಾತು ಹಬ್ಬಕ್ಕೆ ಇರಲಿ.

ಇನ್ನು ಪ್ರತಿವಾರದ ಚರ್ಚೆ. ಹಸಿದ ಹೊಟ್ಟೆಯ ಮುಂದೆ ಚರ್ಚೆ ಇಡಬಾರದು ತಾಯಿ. ಹಸಿದಾಗ ಎಲ್ಲರಿಗೂ ತಮಗೆ ಬೇಕಾದದ್ದೇ ಶಾಸ್ತ್ರ. ತಿಂಗಳ ಮೊದಲ ದಿನವೇ ಕ್ಯಾಲೆಂಡರಿನಲ್ಲಿ ನಾಲ್ಕು ಶನಿವಾರಕ್ಕೂ ಬರೆದಿಟ್ಟುಬಿಡಿ. ಮೊದಲನೇ ವಾರ ಹುಳಿ ಅವಲಕ್ಕಿ, ಎರಡನೇ ವಾರ ರವೆ ಉಪ್ಪಿಟ್ಟು, ಮೂರನೇ ವಾರ ಚಪಾತಿ ಮತ್ತು ಒಂದು ಪಲ್ಯ, ನಾಲ್ಕನೇ ವಾರ ಹುರಿಹಿಟ್ಟು. ಬರೆಯುವಾಗ ಮಕ್ಕಳನ್ನೂ ಕೂರಿಸಿಕೊಳ್ಳಿ. ತಾವೇ ಒಪ್ಪಿ ಬರೆದದ್ದಕ್ಕೆ ಮುಖ ಸಿಂಡರಿಸೋದು ಕಷ್ಟ.

ಹುರಿಹಿಟ್ಟನ್ನು ಬೇಕಂತಲೇ ಸೇರಿಸಿದೆವು. ತುಮಕೂರು ರಾಗಿಯ ಸೀಮೆ, ತೆಂಗಿನ ಸೀಮೆ. ರಾಗಿಗೆ ನೀರು ಚಿಮುಕಿಸಿ, ಆರಿಸಿ, ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ ಹಿಟ್ಟು ಅದು. ಹಿಂದೆ ಮನೆಮನೆಯಲ್ಲೂ ಡಬ್ಬಿ ತುಂಬ ಇರುತ್ತಿತ್ತು. ಬೆಲ್ಲ, ಕಾಯಿತುರಿ, ಬಿಸಿಹಾಲು ಹಾಕಿ ಕಲಸಿದರೆ ಐದು ನಿಮಿಷದ ಕೆಲಸ. ಒಲೆಯ ಕೆಲಸ ಹಾಲು ಬಿಸಿ ಮಾಡುವುದಷ್ಟೇ. ಏಳು ಗಂಟೆಗೆ ಸುಸ್ತಾಗಿ ಮನೆಗೆ ಬಂದ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಫಲಾಹಾರ ನಮಗೆ ತೋಚುವುದಿಲ್ಲ. ವ್ರತ ಮನೆಯವರೆಲ್ಲರದು, ಬೇಯಿಸುವ ಶ್ರಮ ಒಬ್ಬರದು ಅಂತ ಆಗಬಾರದು.

ಕಾಫಿ ಬಗ್ಗೆ ನೀವು ಕೇಳಿಲ್ಲ, ಬೇರೆಯವರು ಆಗಾಗ ಕೇಳುತ್ತಾರೆ. ಹಳೆಯ ಗ್ರಂಥಗಳ ಕಾಲದಲ್ಲಿ ನಮ್ಮಲ್ಲಿ ಕಾಫಿ ಇರಲಿಲ್ಲ, ಹಾಗಾಗಿ ನೇರ ವಿಧಿನಿಷೇಧ ಇಲ್ಲ. ಒಂದು ಲೋಟಕ್ಕೆ ದೋಷ ಹೇಳುವುದಿಲ್ಲ. ಆದರೆ ಹಸಿವನ್ನು ಮುಚ್ಚಿಹಾಕಲು ಗಂಟೆಗೊಮ್ಮೆ ಕುಡಿದರೆ ಹೊಟ್ಟೆಯೂ ಉರಿಯುತ್ತೆ, ಸಿಟ್ಟೂ ಏರುತ್ತೆ. ಎಲೆಅಡಿಕೆ ಹಾಕಿಕೊಂಡು ಹಸಿವು ಮರೆಯುವುದನ್ನಂತೂ ಉಪವಾಸದ ದಿನ ಶಾಸ್ತ್ರವೇ ಬೇಡ ಎಂದಿದೆ.

ಪ್ರಶ್ನೆ 2: ನಮ್ಮದು ಕೂಡು ಕುಟುಂಬ. ಸಂಕಷ್ಟಿಯ ದಿನ ಚಂದ್ರನನ್ನು ನೋಡುವ ತನಕ ಮನೆಯಲ್ಲಿ ಯಾರೂ ಊಟ ಮಾಡಬಾರದು ಅಂತ ನಮ್ಮ ಅತ್ತೆಯವರ ನಿಯಮ. ಕೆಲವು ತಿಂಗಳು ಒಂಬತ್ತೂವರೆ ಆದರೂ ಚಂದ್ರ ಬರೋದಿಲ್ಲ. ಮಳೆಗಾಲದಲ್ಲಿ ಮೋಡ ಇದ್ದರೆ ಕಾಯ್ತಾನೇ ಇರಬೇಕು. ಚಿಕ್ಕ ಮಗಳಿಗೆ ಐದು ವರ್ಷ, ಹಸಿದು ಹಾಗೇ ಮಲಗಿಬಿಡುತ್ತಾಳೆ. ಯಜಮಾನರಿಗೆ ಸಕ್ಕರೆ ಕಾಯಿಲೆ, ರಾತ್ರಿ ಮಾತ್ರೆ ಇದೆ. ಹೋದ ಸಂಕಷ್ಟಿಗೆ ಮಾತ್ರೆ ತೆಗೆದುಕೊಂಡು ಊಟಕ್ಕೆ ಕಾಯುತ್ತಾ ಕೂತವರು ಬೆವರಿ, ಕೈ ನಡುಗಿ, ಬಿದ್ದೇಬಿಟ್ಟರು. ಅತ್ತೆಯವರು 'ಗಣಪತಿ ಪರೀಕ್ಷೆ ಮಾಡ್ತಿದ್ದಾನೆ' ಅಂದರು. ಎದುರು ಮಾತಾಡೋಕೆ ನನಗೆ ಆಗಲ್ಲ. ನೀವೇ ಬರೆದರೆ ಅವರು ಕೇಳುತ್ತಾರೆ.
– ಸೊಸೆ, ಗುಬ್ಬಿ

ಉತ್ತರ: ಈ ಉತ್ತರವನ್ನು ನಿಮ್ಮ ಅತ್ತೆಯವರಿಗೇ ಬರೆಯುತ್ತಿದ್ದೇವೆ. ಅವರಿಗೆ ಓದಿ ಹೇಳಿ.

ಅಮ್ಮಾ, ನಿಮ್ಮ ಶ್ರದ್ಧೆ ದೊಡ್ಡದು. ಇಷ್ಟು ವರ್ಷ ಸಂಕಷ್ಟಿ ಬಿಡದೆ ನಡೆಸಿಕೊಂಡು ಬಂದಿದ್ದೀರಿ. ಆದರೆ ವ್ರತ ಹಿಡಿಯುವುದು ಸಂಕಲ್ಪದಿಂದ. ನಿಮ್ಮ ಸಂಕಲ್ಪ ನಿಮ್ಮ ಹೊಟ್ಟೆಗೆ ಮಾತ್ರ. ಐದು ವರ್ಷದ ಮೊಮ್ಮಗಳು ಸಂಕಲ್ಪ ಮಾಡಿಲ್ಲ. ಆಕೆಯ ಹಸಿವು ನಿಮ್ಮ ವ್ರತದ ಲೆಕ್ಕಕ್ಕೆ ಸೇರುವುದಿಲ್ಲ. ಬಹಳ ಕಟ್ಟುನಿಟ್ಟು ಅನ್ನಿಸಿಕೊಂಡ ಏಕಾದಶಿಯಲ್ಲೇ ಎಂಟು ವರ್ಷದೊಳಗಿನ ಮಕ್ಕಳಿಗೂ ಎಂಬತ್ತು ದಾಟಿದವರಿಗೂ ಶಾಸ್ತ್ರ ವಿನಾಯಿತಿ ಕೊಟ್ಟಿದೆ. ಹಾಗಿರುವಾಗ ಸಂಕಷ್ಟಿಯಲ್ಲಿ ಐದು ವರ್ಷದ ಮಗುವನ್ನು ಹಸಿದು ಮಲಗಿಸಬೇಕೆಂದು ಯಾರೂ ಹೇಳುವುದಿಲ್ಲ. ಸಂಜೆ ಏಳಕ್ಕೆ ಮಗುವಿಗೆ ಉಣಿಸಿ. ಮೋದಕಪ್ರಿಯನಾದ ದೇವರಿಗೆ ಹಸಿದ ಮಗು ಇಷ್ಟವಾಗುತ್ತದೆಯೇ?

ಇನ್ನು ನಿಮ್ಮ ಮಗ. ಆ ದಿನ ಆದದ್ದು ದೇವರ ಪರೀಕ್ಷೆ ಅಂತ ದಯವಿಟ್ಟು ತಿಳಿಯಬೇಡಿ. ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳು, ಇನ್ಸುಲಿನ್, ಇವು ಊಟ ಬರುತ್ತದೆಂಬ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಊಟ ಬರದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತೆ. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು ಇದರ ಲಕ್ಷಣ. 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅಪಾಯ. ಪ್ರಜ್ಞೆ ಇದ್ದರೆ ಆ ಗಳಿಗೆಯಲ್ಲಿ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಸುಧಾರಿಸಿದ ಮೇಲೆ ಊಟ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಚಂದ್ರೋದಯ ನೋಡುವ ಮಾತೇ ಇಲ್ಲ.

ಮೇಲೆ ಹೇಳಿದ ಎಂಟರ ಪಟ್ಟಿಯಲ್ಲಿ ಔಷಧ ಇದೆ. ಔಷಧದ ಜೊತೆ ಸೇರಲೇಬೇಕಾದ ಊಟವೂ ಔಷಧದ ಭಾಗವೇ ಎಂದು ನಾವು ತಿಳಿಯುತ್ತೇವೆ. ನಿಮ್ಮ ಮಗ ಮಾತ್ರೆಯ ಹೊತ್ತಿಗೆ ಊಟ ಮಾಡಲಿ. ವೈದ್ಯರನ್ನು ಕೇಳದೆ ಮಾತ್ರೆ ಬಿಡುವುದೂ ಬೇಡ, ಹೊತ್ತು ಬದಲಿಸುವುದೂ ಬೇಡ. ಅವರ ಪಾಲಿನ ವ್ರತ ತಪ್ಪಿಹೋಯಿತು ಅಂತ ನಿಮಗೆ ಅನ್ನಿಸಿದರೆ ಶಾಸ್ತ್ರ ಅದಕ್ಕೂ ದಾರಿ ಇಟ್ಟಿದೆ. ಅಶಕ್ತರ ಪರವಾಗಿ ಹೆಂಡತಿಯೋ ಗಂಡನೋ ಮಕ್ಕಳೋ ಪ್ರತಿನಿಧಿಯಾಗಿ ವ್ರತ ಮಾಡಬಹುದು. ನಿಮ್ಮ ಸೊಸೆ ಮನಸ್ಸಿದ್ದರೆ ಗಂಡನ ಹೆಸರು ಹೇಳಿ ಸಂಕಲ್ಪ ಮಾಡಲಿ. ಇಲ್ಲದಿದ್ದರೆ ಅವರು ಆ ಸಂಜೆ ದೇವರ ಮುಂದೆ ಕೂತು ಗಣಪತಿಯ ನಾಮ ಹೇಳಿಕೊಂಡರೆ ಸಾಕು.

ನೀವು ಗುಬ್ಬಿಯವರು, ಸಿದ್ಧಗಂಗೆ ನಿಮಗೆ ದೂರವಲ್ಲ. 2019ರ ಜನವರಿ 21ರಂದು ಶ್ರೀ ಶಿವಕುಮಾರ ಸ್ವಾಮೀಜಿಯವರು 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ದಿನ ನಿಮಗೆ ನೆನಪಿರಬೇಕು. ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿಯುವ ತನಕ ಸುದ್ದಿಯನ್ನು ತಿಳಿಸಬಾರದು ಎಂಬುದು ಅವರ ಇಚ್ಛೆಯಾಗಿತ್ತೆಂದು ಆ ದಿನ ಎಲ್ಲ ಕಡೆ ವರದಿಯಾಯಿತು. ಸುದ್ದಿ ಕೇಳಿದರೆ ಮಕ್ಕಳು ತಟ್ಟೆ ಬಿಟ್ಟು ಎದ್ದುಬಿಡುತ್ತಾರೆ ಅನ್ನುವ ಚಿಂತೆ ಅದು. ಜೀವಮಾನವಿಡೀ ತ್ರಿಕಾಲ ಪೂಜೆಯ ನಿಷ್ಠೆ ಇದ್ದವರು ಅವರು. ಅಂಥವರು ಮಕ್ಕಳ ಹಸಿವನ್ನು ಎಲ್ಲಿ ಇಟ್ಟಿದ್ದರು ನೋಡಿ ಅಮ್ಮಾ. ನಿಷ್ಠೆ ತಮಗೆ, ಅನ್ನ ಮಕ್ಕಳಿಗೆ.

ಈಗ ಚಂದ್ರೋದಯದ ಮಾತು. ಹುಣ್ಣಿಮೆಯ ದಿನ ಚಂದ್ರ ಸೂರ್ಯಾಸ್ತದ ಹೊತ್ತಿಗೇ ಹುಟ್ಟುತ್ತಾನೆ. ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ. ಹಾಗಾಗಿ ಚೌತಿಗೆ ಬರುವಾಗ ರಾತ್ರಿ ಎಂಟರಿಂದ ಹತ್ತರ ನಡುವೆ ಯಾವಾಗಲಾದರೂ ಆಗಬಹುದು. ಬೆಂಗಳೂರಿನ ಸಮಯ ಕೊಡುವ ಪಂಚಾಂಗ ನಿಮ್ಮೂರಿಗೂ ಸಾಕು, ಎರಡು ಮೂರು ನಿಮಿಷ ಹೆಚ್ಚುಕಡಿಮೆ ಅಷ್ಟೇ. ಮೊಬೈಲಿನಲ್ಲಿ ನೋಡುವವರು ಊರು ಸರಿಯಾಗಿದೆಯಾ ಅಂತ ನೋಡಿಕೊಳ್ಳಲಿ. ಉತ್ತರದ ಊರುಗಳ ಸಮಯ ನಮಗೆ ಹೊಂದುವುದಿಲ್ಲ.

ಮೋಡ ಇದ್ದರೆ ಕಾಯುತ್ತಾ ಕೂರಬೇಕಿಲ್ಲ. ಪಂಚಾಂಗ ಹೇಳಿದ ಹೊತ್ತಾದ ಮೇಲೆ ಪೂರ್ವಕ್ಕೆ ತಿರುಗಿ, ಮೋಡದ ಹಿಂದೆ ಚಂದ್ರ ಇದ್ದಾನೆ ಎಂದು ಮನಸ್ಸಿನಲ್ಲಿ ನೆನೆದು, ಗಣಪತಿಗೆ, ಚತುರ್ಥಿ ತಿಥಿಗೆ, ಚಂದ್ರನಿಗೆ ಅರ್ಘ್ಯ ಕೊಟ್ಟು ಊಟಕ್ಕೆ ಏಳಿ. ಅರ್ಘ್ಯಕ್ಕೆ ಮುಖ್ಯ ಚಂದ್ರೋದಯ. ಮೋಡ ಸರಿಸುವುದು ನಮ್ಮ ಕೈಯಲ್ಲಿಲ್ಲ.

ಸಂಕಷ್ಟಿ ನಕ್ತದ ಜಾತಿಗೆ ಸೇರಿದ್ದು. ಅಂದರೆ ರಾತ್ರಿಯದು ಫಲಾಹಾರ ಅಲ್ಲ, ಊಟವೇ. ಹಗಲೆಲ್ಲ ಖಾಲಿ ಇದ್ದ ಹೊಟ್ಟೆಗೆ ಮೊದಲು ತೀರ್ಥ, ಒಂದು ತುಂಡು ಹಣ್ಣು ಅಥವಾ ಮಜ್ಜಿಗೆ. ಹತ್ತು ನಿಮಿಷ ಬಿಟ್ಟು ಮೆತ್ತಗಿನ ಅನ್ನ, ತಿಳಿಸಾರು, ತುಪ್ಪ, ಒಂದು ಕೋಸಂಬರಿ. ನೈವೇದ್ಯದ ಕಡುಬೋ ಮೋದಕವೋ ಒಂದೆರಡು. ರಾತ್ರಿ ಹತ್ತಕ್ಕೆ ಹೊಟ್ಟೆಬಿರಿ ತಿಂದು ಮಲಗಿದರೆ ಬೆಳಿಗ್ಗೆ ಏಳುವಾಗ ವ್ರತದ ನೆನಪಲ್ಲ, ಹೊಟ್ಟೆಯ ಭಾರದ ನೆನಪು ಇರುತ್ತೆ. ಅಡುಗೆಯನ್ನು ಸಂಜೆ ಆರಕ್ಕೇ ಮುಗಿಸಿ, ಮಗುವಿಗೂ ಮಗನಿಗೂ ಬಡಿಸುವುದನ್ನು ಬೇರೆ ತೆಗೆದಿಡಿ. ಉಳಿದದ್ದನ್ನು ಚಂದ್ರೋದಯದ ಮೇಲೆ ನೈವೇದ್ಯ ಮಾಡಿ. ನೈವೇದ್ಯಕ್ಕೆ ಮುಂಚೆ ಮಗುವಿಗೆ ಕೊಟ್ಟರೆ ಎಂಜಲಾಗುತ್ತೆ ಎಂಬ ಅಂಜಿಕೆ ಬೇಡ, ಪಾತ್ರೆ ಬೇರೆ ಮಾಡಿದರೆ ಆಯಿತು.

ಪ್ರಶ್ನೆ 3: ನಾನು ಕೆಲಸಕ್ಕೆ ದಿನಾ ಬೆಂಗಳೂರಿಗೆ ಹೋಗಿ ಬರುತ್ತೇನೆ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಬರುವಾಗ ರಾತ್ರಿ ಒಂಬತ್ತೂವರೆ. ನಮ್ಮ ತಾಯಿ ಕೊನೆ ತನಕ ಏಕಾದಶಿ ಮಾಡುತ್ತಿದ್ದರು. ಅವರು ಹೋದ ಮೇಲೆ ನಾನು ಹಿಡಿದೆ. ಹಗಲು ನೀರಿನಲ್ಲೇ ಇರುತ್ತೇನೆ. ವಾಪಸು ಬರುವಾಗ ಬಸ್ ಇಳಿದ ಕೂಡಲೇ ಹೋಟೆಲಿನ ವಾಸನೆ ಬಂದರೆ ತಡೆಯೋಕೆ ಆಗಲ್ಲ. ಮೂರು ಸಲ ಪರೋಟ ತಿಂದುಬಿಟ್ಟಿದ್ದೇನೆ. ಮನೆಗೆ ಬಂದು ಅಮ್ಮನ ಫೋಟೋ ನೋಡೋಕೆ ಆಗಲಿಲ್ಲ. ನನ್ನಂಥವನಿಗೆ ಏಕಾದಶಿ ಯೋಗ್ಯತೆ ಇಲ್ಲ ಅನ್ನಿಸುತ್ತಿದೆ. ಬಿಟ್ಟುಬಿಡಲೇ?
– ಓದುಗ, ಕುಣಿಗಲ್

ಉತ್ತರ: ಬಿಡಬೇಡಿ ತಮ್ಮಾ. ಆದರೆ ಈಗ ಮಾಡುತ್ತಿರುವ ರೀತಿಯನ್ನು ಬಿಡಿ.

ನಿಮ್ಮ ತಾಯಿಯವರು ಮೊದಲ ವರ್ಷ ಹೇಗೆ ಮಾಡುತ್ತಿದ್ದರೋ ನಿಮಗೆ ಗೊತ್ತಿಲ್ಲ. ನೀವು ನೋಡಿದ್ದು ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿ ಮುಟ್ಟಿದ ಮೆಟ್ಟಿಲನ್ನು. ಆ ಮೆಟ್ಟಿಲಿಗೆ ನೀವು ಒಂದೇ ಸಲ ಹಾರಲು ಹೋಗುತ್ತಿದ್ದೀರಿ. ಅದೂ ಹದಿನೈದು ಗಂಟೆ ಮನೆಯಿಂದ ಹೊರಗಿರುವ ದಿನ. ಕಾಲು ಜಾರಿದ್ದಕ್ಕೆ ಯೋಗ್ಯತೆಯ ಮಾತು ಯಾಕೆ?

ಏಕಾದಶಿಯ ಪೂರ್ಣ ನಿಯಮ ಹೀಗಿದೆ: ದಶಮಿಯ ರಾತ್ರಿ ಊಟವಿಲ್ಲ, ಏಕಾದಶಿ ಎರಡೂ ಹೊತ್ತು ಇಲ್ಲ, ದ್ವಾದಶಿ ಬೆಳಿಗ್ಗೆ ಪಾರಣೆ, ಆ ರಾತ್ರಿ ಮತ್ತೆ ಇಲ್ಲ. ಒಟ್ಟು ನಾಲ್ಕು ಊಟ ಬಿಡಬೇಕು. ಇದು ಶಕ್ತರಿಗೆ. ನಿಮಗೆ ಸದ್ಯಕ್ಕೆ ಫಲಾಹಾರದ ಏಕಾದಶಿ ಸರಿ. ಧಾನ್ಯ ಮುಟ್ಟಬೇಡಿ; ಅಕ್ಕಿ, ಗೋಧಿ, ರಾಗಿ, ಬೇಳೆಕಾಳು ಬೇಡ. ಆದ್ದರಿಂದ ಮೊದಲನೇ ಉತ್ತರದಲ್ಲಿ ಶನಿವಾರಕ್ಕೆ ಹೇಳಿದ ಅವಲಕ್ಕಿ, ಹುರಿಹಿಟ್ಟು ಏಕಾದಶಿಗೆ ಹೊಂದುವುದಿಲ್ಲ. ಕೆಲವು ಮನೆಗಳಲ್ಲಿ ಅಕ್ಕಿ ಮಾತ್ರ ಬಿಟ್ಟು ರವೆ ಉಪ್ಪಿಟ್ಟು ತಿನ್ನುವ ಪದ್ಧತಿ ಇದೆ. ನಿಮ್ಮ ತಾಯಿಯವರ ಪದ್ಧತಿ ಏನಿತ್ತೋ ಮನೆಯ ಹಿರಿಯರನ್ನು ಕೇಳಿ ಅದರಂತೆ ನಡೆಯಿರಿ.

ಹಾಲು, ಮಜ್ಜಿಗೆ, ಹಣ್ಣು, ಕೊಬ್ಬರಿ ಬೆಲ್ಲ, ಬೇಯಿಸಿದ ಗೆಣಸು ಆಗುತ್ತೆ. ಸಬ್ಬಕ್ಕಿ ಹೆಸರಿಗೆ ಅಕ್ಕಿ, ಮಾಡುವುದು ಮರಗೆಣಸಿನ ಪಿಷ್ಟದಿಂದ; ಹಾಗಾಗಿ ಬಹಳ ಮನೆಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರು ಸಬ್ಬಕ್ಕಿ, ಆಲೂಗೆಡ್ಡೆ, ಗೆಣಸಿನ ಬಗ್ಗೆ ಹುಷಾರಾಗಿರಬೇಕು.

ಈಗ ರಾತ್ರಿ ಒಂಬತ್ತೂವರೆಯ ಬಸ್ ನಿಲ್ದಾಣ. ಅಲ್ಲಿ ನಿಂತು ತೀರ್ಮಾನ ಮಾಡಿದರೆ ಪ್ರತಿಸಲ ಹೋಟೆಲೇ ಗೆಲ್ಲುತ್ತೆ. ಹದಿನೈದು ಗಂಟೆ ಹಸಿದವನ ಮುಂದೆ ವಿವೇಕ ನಿಲ್ಲುವುದು ಕಷ್ಟ. ನಿಮಗೆ ಮಾತ್ರ ಅಲ್ಲ, ಯಾರಿಗಾದರೂ. ತೀರ್ಮಾನವನ್ನು ಬೆಳಿಗ್ಗೆಗೆ ತನ್ನಿ. ಸಂಕಲ್ಪ ಇರುವುದೇ ಅದಕ್ಕೆ. ಸ್ನಾನ ಆದ ಮೇಲೆ ದೇವರ ಮುಂದೆ ನಿಂತು, ಕೈಯಲ್ಲಿ ನೀರು ಹಿಡಿದು, 'ಇವತ್ತು ಏಕಾದಶಿ, ಹಾಲು ಹಣ್ಣು ಮಾತ್ರ ತೆಗೆದುಕೊಂಡು ವ್ರತ ಮಾಡುತ್ತೇನೆ' ಅಂತ ಕನ್ನಡದಲ್ಲೇ ಹೇಳಿ ನೀರು ಬಿಡಿ. ಏನು ತಿನ್ನುತ್ತೇನೆ ಅನ್ನುವುದನ್ನೂ ಹೇಳಿಬಿಡಿ. ಹೀಗೆ ಹೇಳಿ ತಿಂದ ಬಾಳೆಹಣ್ಣು ವ್ರತದ ಒಳಗೇ ಬರುತ್ತೆ. ಅದು ವ್ರತಭಂಗವಲ್ಲ.

ಆಮೇಲೆ ಚೀಲಕ್ಕೆ ನಾಲ್ಕು ಬಾಳೆಹಣ್ಣು, ಒಂದು ಡಬ್ಬಿಯಲ್ಲಿ ಕೊಬ್ಬರಿ ಬೆಲ್ಲ ಹಾಕಿಕೊಳ್ಳಿ. ತೆಂಗಿನ ಸೀಮೆಯವರಿಗೆ ಕೊಬ್ಬರಿಗೇನು ಬರ? ಮಧ್ಯಾಹ್ನ ಎರಡು ಹಣ್ಣು. ಇನ್ನೆರಡನ್ನು ವಾಪಸು ಬರುವಾಗ, ನೆಲಮಂಗಲ ದಾಟುವಾಗಲೇ ತಿಂದುಬಿಡಿ. ಇಳಿದ ಮೇಲೆ ಅಲ್ಲ, ಇಳಿಯುವ ಮೊದಲು. ಹೊಟ್ಟೆಯಲ್ಲಿ ಸ್ವಲ್ಪ ಇದ್ದರೆ ಹೋಟೆಲಿನ ವಾಸನೆ ಬರೀ ವಾಸನೆಯಾಗಿ ಉಳಿಯುತ್ತೆ. ಮನೆಗೆ ಬಂದು ಕೈಕಾಲು ತೊಳೆದು, ದೀಪಕ್ಕೆ ನಮಸ್ಕಾರ ಮಾಡಿ, ಒಂದು ದೊಡ್ಡ ಲೋಟ ಬಿಸಿಹಾಲು ಕುಡಿದು ಮಲಗಿ.

ಬೆಳಿಗ್ಗೆ ಆರಕ್ಕೆ ಹೊರಡಬೇಕು, ಪಾರಣೆ ಹೇಗೆ ಅಂತ ನಿಮಗೆ ಅನ್ನಿಸಬಹುದು. ಭಾಗವತದ ಒಂಬತ್ತನೇ ಸ್ಕಂಧದಲ್ಲಿ ಅಂಬರೀಷ ರಾಜನ ಕಥೆ ಇದೆ. ದ್ವಾದಶಿಯ ಹೊತ್ತು ಮೀರುತ್ತಿದೆ, ಅತಿಥಿಯಾಗಿ ಬಂದ ದೂರ್ವಾಸರು ನದಿಗೆ ಹೋದವರು ಬಂದಿಲ್ಲ. ಪಾರಣೆ ಮಾಡದಿದ್ದರೆ ವ್ರತ ಕೆಡುತ್ತೆ, ಅತಿಥಿಯನ್ನು ಬಿಟ್ಟು ಉಂಡರೆ ಧರ್ಮ ಕೆಡುತ್ತೆ. ರಾಜ ಬಲ್ಲವರನ್ನು ಕೇಳಿ ಬರೀ ನೀರು ಕುಡಿದ. ನೀರು ಕುಡಿದರೆ ಉಂಡಂತೆಯೂ ಆಯಿತು, ಉಣ್ಣದಂತೆಯೂ ಆಯಿತು. ದೂರ್ವಾಸರು ಸಿಟ್ಟಾದರು, ಆದರೆ ಭಗವಂತ ಅಂಬರೀಷನ ಕೈ ಬಿಡಲಿಲ್ಲ. ನಿಮಗೂ ಅದೇ ದಾರಿ. ಪಂಚಾಂಗದಲ್ಲಿ ಪಾರಣೆಯ ಹೊತ್ತು ನೋಡಿಕೊಳ್ಳಿ. ದಾರಿಯಲ್ಲಿದ್ದಾಗ ಆ ಹೊತ್ತು ಬಂದರೆ ತುಳಸಿ ಹಾಕಿದ ನೀರನ್ನು ಸೀಸೆಯಲ್ಲಿ ಒಯ್ದಿದ್ದು, ಕೃಷ್ಣಾ ಎಂದು ಕುಡಿದುಬಿಡಿ. ಊಟ ಆಮೇಲೆ ನಿಮ್ಮ ಡಬ್ಬಿಯದೇ ಆಗಲಿ.

ಯಾರಾದರೂ ಏಕಾದಶಿಯ ದಿನ ದೇವಸ್ಥಾನದ ಅನ್ನಪ್ರಸಾದ ಕೊಟ್ಟರೆ ಬೇಡ ಅನ್ನಬೇಡಿ. ಕಣ್ಣಿಗೊತ್ತಿಕೊಂಡು, ವ್ರತ ಇಲ್ಲದ ಹಸಿದವರಿಗೆ ಕೊಡಿ. ಬಸ್ ನಿಲ್ದಾಣದಲ್ಲಿ ಅಂಥವರು ಸಿಕ್ಕೇ ಸಿಗುತ್ತಾರೆ.

ಇನ್ನು ತಿಂದ ಆ ಮೂರು ಪರೋಟ. ಅದಕ್ಕೆ ದೊಡ್ಡ ಪ್ರಾಯಶ್ಚಿತ್ತ ಬೇಕಿಲ್ಲ. ಮುಂದಿನ ಏಕಾದಶಿ ಬೆಳಿಗ್ಗೆ ಅಮ್ಮನ ಫೋಟೋ ಮುಂದೆ ನಿಂತು ಆದದ್ದನ್ನು ಹೇಳಿ, ನೂರೆಂಟು ಸಲ ನಾರಾಯಣನ ನಾಮ ಹೇಳಿಕೊಂಡು, ಹಾಲು ಹಣ್ಣಿನ ಸಂಕಲ್ಪ ಮಾಡಿ. ಮಗ ಹದಿನೈದು ಗಂಟೆ ಹಸಿದು ಬಂದು ತಪ್ಪಿ ತಿಂದ ಅಂದರೆ ಯಾವ ತಾಯಿಯೂ ಮೊದಲು ವ್ರತದ ಬಗ್ಗೆ ಕೇಳುವುದಿಲ್ಲ. 'ಹೊಟ್ಟೆ ತುಂಬಿತಾ' ಅಂತ ಕೇಳುತ್ತಾಳೆ.

ಕೊನೆಯಲ್ಲಿ ಎಲ್ಲ ಓದುಗರಿಗೂ: ಮೂರೂ ಪತ್ರಗಳಲ್ಲಿ ತೊಂದರೆ ಹಸಿವಿನಿಂದ ಬಂದದ್ದಲ್ಲ, ಹಸಿದ ಮೇಲೆ ತೀರ್ಮಾನ ಮಾಡಲು ಹೊರಟದ್ದರಿಂದ ಬಂದದ್ದು. ಆದ್ದರಿಂದ ವ್ರತದ ದಿನ ಬೆಳಿಗ್ಗೆಯೇ ಮೂರು ಮಾತು ನಿಶ್ಚಯಿಸಿಕೊಳ್ಳಿ. ಇವತ್ತು ನಾನು ನಿಂತಿರುವುದು ನಾಲ್ಕರಲ್ಲಿ ಯಾವ ಮೆಟ್ಟಿಲಲ್ಲಿ? ರಾತ್ರಿ ಏನು, ಎಷ್ಟು ತಿನ್ನುತ್ತೇನೆ? ಮನೆಯಲ್ಲಿ ವ್ರತ ಇಲ್ಲದವರಿಗೆ, ಇರಬಾರದವರಿಗೆ ಊಟ ಯಾವಾಗ? ಇಷ್ಟು ಬೆಳಿಗ್ಗೆಯೇ ಆಗಿಹೋದರೆ ರಾತ್ರಿ ಎಂಟು ಗಂಟೆಗೆ ಅಡುಗೆಮನೆಯಲ್ಲಿ ಮಾತು ಬೆಳೆಯುವುದಿಲ್ಲ. ಉಪವಾಸ ಅಂದರೆ ಹತ್ತಿರ ವಾಸ ಮಾಡುವುದು ಅಂತ ಅರ್ಥ. ದೇವರ ಹತ್ತಿರ ಕೂರುವ ದಿನ ಮನೆಯವರಿಂದ ದೂರ ಆಗದ ಹಾಗೆ ನೋಡಿಕೊಳ್ಳಿ.

ಎಲ್ಲರಿಗೂ ಶುಭವಾಗಲಿ.